ಹಾಲ್‌ಸ್ಟಾಟ್‌ಗೆ ಹೊರಟವರೇ, ಬೆಟ್ಟಕ್ಕೂ ಅರ್ಧ ದಿನ ಇಡಿ

ಯುರೋಪ್ ಟೂರ್ ಪ್ಯಾಕೇಜುಗಳಲ್ಲಿ ಆಸ್ಟ್ರಿಯಾದ ಹಾಲ್‌ಸ್ಟಾಟ್‌ಗೆ ಸಿಗುವುದು ಎರಡು ಮೂರು ಗಂಟೆ ಅಷ್ಟೇ. ಬಸ್ಸಿನಿಂದ ಇಳಿಯುವುದು, ಸರೋವರದ ಪಕ್ಕ ನಡೆಯುವುದು, ಚರ್ಚಿನ ಗೋಪುರ ಕಾಣುವ ಕಡೆ ನಿಂತು ಫೋಟೊ ತೆಗೆಯುವುದು, ಮತ್ತೆ ಬಸ್ ಹತ್ತುವುದು. ಊರು ಚಂದ ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಜನ ನೆಲೆ ನಿಂತದ್ದೇ ಹಿಂದಿನ ಬೆಟ್ಟದ ಹೊಟ್ಟೆಯಲ್ಲಿರುವ ಉಪ್ಪಿಗಾಗಿ. ಅಷ್ಟು ದೂರ ಹೋಗಿ ಆ ಬೆಟ್ಟ ಹತ್ತದೆ ವಾಪಸ್ ಬರುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಟಿಕೆಟ್ ಮಾಡಿಸುವ ಮೊದಲೇ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ಊರು ತೀರಾ ಚಿಕ್ಕದು. 800ಕ್ಕಿಂತ ಕಡಿಮೆ ಜನ. ಮುಂದೆ 125 ಮೀಟರ್ ಆಳದ ಸರೋವರ, ಹಿಂದೆ ಗೋಡೆಯ ಹಾಗೆ ಎದ್ದಿರುವ ಬೆಟ್ಟ. ನಡುವೆ ಇರುವ ಒಂದು ಪಟ್ಟಿ ಜಾಗದಲ್ಲಿ ಮನೆಗಳು ಒಂದರ ತಲೆಯ ಮೇಲೆ ಒಂದು ಕೂತಿವೆ. 1750ರಲ್ಲಿ ಬೆಂಕಿ ಬಿದ್ದು ಊರಿನ ನಡುಭಾಗ ಸುಟ್ಟು ಹೋಗಿತ್ತು. ಈಗ ನಾವು ನೋಡುವ ಮಾರುಕಟ್ಟೆ ಚೌಕ ಆಮೇಲೆ ಕಟ್ಟಿದ್ದು. 1997ರಿಂದ ಈ ಇಡೀ ಪ್ರದೇಶ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಚೀನಾದವರು 2012ರಲ್ಲಿ ತಮ್ಮ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಇದರ ನಕಲನ್ನೇ ಕಟ್ಟಿದರು. ಜನ ಮುಗಿಬೀಳುವುದಕ್ಕೆ ಅದೂ ಒಂದು ಕಾರಣ.

ಹೋಗುವುದು ಹೇಗೆ? ನನ್ನ ಮತ ರೈಲಿಗೆ. ವಿಯೆನ್ನಾದಿಂದಾದರೆ ಆಟ್ನಾಂಗ್-ಪುಖ್‌ಹೈಮ್ ಅನ್ನುವ ಜಂಕ್ಷನ್‌ನಲ್ಲಿ ಇಳಿದು ಚಿಕ್ಕ ರೈಲು ಹಿಡಿಯಬೇಕು. ಒಟ್ಟು ಮೂರೂವರೆ ಗಂಟೆಯ ಆಸುಪಾಸು. ಸಾಲ್ಜ್‌ಬರ್ಗ್‌ನಿಂದ ಹೋಗುವವರಿಗೆ 150 ನಂಬರಿನ ಬಸ್ಸು ಇನ್ನೂ ಚೆನ್ನ. ದಾರಿಯುದ್ದಕ್ಕೂ ಬೇರೆ ಸರೋವರಗಳನ್ನು ತೋರಿಸಿಕೊಂಡು ಬಾಟ್ ಇಶ್ಲ್‌ಗೆ ಬಿಡುತ್ತದೆ. ಅಲ್ಲಿಂದ ಹಾಲ್‌ಸ್ಟಾಟ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಈ ಕೊನೆಯ ತುಣುಕಿನಲ್ಲಿ ಬಲಗಡೆ ಕಿಟಕಿ ಹಿಡಿಯಿರಿ. ಸರೋವರ ಆ ಕಡೆಗೇ ಬರುತ್ತದೆ.

ಸ್ಟೇಷನ್ ಇರುವುದು ಆಚೆ ದಡದಲ್ಲಿ. ಇಳಿದ ಕೂಡಲೇ ಕೆಳಗೆ ದೋಣಿ ಕಾಯುತ್ತಿರುತ್ತದೆ, ಹತ್ತು ನಿಮಿಷದಲ್ಲಿ ಊರಿಗೆ ತಲುಪಿಸುತ್ತದೆ. ನೀರಿನ ಮೇಲಿಂದ ಊರು ನಿಧಾನವಾಗಿ ಹತ್ತಿರ ಬರುವುದನ್ನು ನೋಡಬೇಕು! ಬಸ್ಸಿನಲ್ಲಿ ಬಂದವರಿಗೆ ಇದು ಸಿಗುವುದಿಲ್ಲ. ದೋಣಿಗೆ ಬೇರೆ ಟಿಕೆಟ್ ಕೊಳ್ಳಬೇಕು, ರೈಲು ಟಿಕೆಟ್ ನಡೆಯುವುದಿಲ್ಲ. ಕೈಯಲ್ಲಿ ಚಿಲ್ಲರೆ ಯೂರೊ ಇಟ್ಟುಕೊಳ್ಳಿ. ದೋಣಿ ಓಡುವುದು ರೈಲಿನ ಸಮಯಕ್ಕೆ ಹೊಂದಿಕೊಂಡು, ಅದೂ ಸಂಜೆಯವರೆಗೆ ಮಾತ್ರ. ರಾತ್ರಿಯ ರೈಲಿಗೆ ಬಂದರೆ ಆಚೆ ದಡದಲ್ಲೇ ಉಳಿದುಬಿಡುತ್ತೀರಿ. ಹಾಗಾಗಿ ರೈಲು ಬುಕ್ ಮಾಡುವಾಗಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ನೋಡಿಕೊಳ್ಳಿ. ಕಾರು ಬಾಡಿಗೆಗೆ ತೆಗೆದುಕೊಂಡವರೂ ಹಗಲು ಊರೊಳಗೆ ಓಡಿಸುವ ಹಾಗಿಲ್ಲ, ಹೊರಗಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ನಡೆಯಬೇಕು.

ಇನ್ನು ಬೆಟ್ಟ. ಊರಿನ ದಕ್ಷಿಣ ತುದಿಯ ಲಾನ್ ಅನ್ನುವ ಭಾಗದಿಂದ ಹಳಿ ಮೇಲೆ ಎಳೆದುಕೊಂಡು ಹೋಗುವ ಬಂಡಿ ಇದೆ. ಕಾಲಿಗೆ ಶಕ್ತಿ ಇರುವವರು ಒಂದು ಗಂಟೆಯಲ್ಲಿ ನಡೆದೂ ಹತ್ತಬಹುದು, ದಾರಿ ಮಾತ್ರ ಬಲು ಕಡಿದು. ಮೇಲೆ ಊರಿನಿಂದ ಸುಮಾರು 350 ಮೀಟರ್ ಎತ್ತರದಲ್ಲಿ ಗಾಳಿಗೆ ಚಾಚಿಕೊಂಡ ಒಂದು ಕಟ್ಟೆ ಇದೆ. ಎಲ್ಲರೂ ಅಲ್ಲಿ ಫೋಟೊ ತೆಗೆದು ಕೆಳಗಿಳಿಯುತ್ತಾರೆ. ನೀವು ಇಳಿಯಬೇಡಿ. ಇನ್ನೊಂದು ಕಾಲು ಗಂಟೆ ಮೇಲೆ ನಡೆದರೆ ಗಣಿಯ ಬಾಗಿಲು.

ಉಪ್ಪು ಅಂದರೆ ನಮಗೆ ಸಮುದ್ರ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರದಲ್ಲಿ ಬಿಸಿಲಿಗೆ ನೀರು ಆರಿ ಉಪ್ಪು ಬೀಳುವುದನ್ನು ನೋಡಿದವರಿಗೆ ಇಲ್ಲಿನ ಲೆಕ್ಕ ಬೇಗ ಅರ್ಥವಾಗುತ್ತದೆ. ಇಲ್ಲಿಯೂ ಅದೇ ಆಗಿದ್ದು, ಆದರೆ ಸುಮಾರು 25 ಕೋಟಿ ವರ್ಷದ ಹಿಂದೆ. ಸಮುದ್ರ ಆರಿ ಉಪ್ಪು ಉಳಿಯಿತು, ಆಮೇಲೆ ಆಲ್ಪ್ಸ್ ಎದ್ದಾಗ ಅದೂ ಬೆಟ್ಟದೊಳಗೆ ಸೇರಿಕೊಂಡು ಮೇಲೆ ಬಂತು. ಜನ ಇಲ್ಲಿ ಉಪ್ಪು ತೆಗೆಯುತ್ತಿರುವುದು 7000 ವರ್ಷದಿಂದ ಅನ್ನುತ್ತಾರೆ. ಗಣಿಯೊಳಗೆ ಒಂದು ಮರದ ಮೆಟ್ಟಿಲು ನೋಡಿದೆ. ಅದರ ಮರ ಕಡಿದದ್ದು ಕ್ರಿ.ಪೂ. 1344ರ ಸುಮಾರಿಗೆ. ಹಲಗೆಗಳು ಇನ್ನೂ ಗಟ್ಟಿ. ಉಪ್ಪು ಅದನ್ನು ಕೊಳೆಯಲು ಬಿಡಲಿಲ್ಲ. ಉಪ್ಪಿಗಿಂತ ರುಚಿಯಿಲ್ಲ ಅನ್ನುತ್ತೇವಲ್ಲ, ಕಾಪಾಡುವುದರಲ್ಲೂ ಅದಕ್ಕೆ ಸಮ ಇಲ್ಲ.

ಗಣಿಗೆ ಹೋಗುವ ದಾರಿಯಲ್ಲಿರುವ ಹುಲ್ಲಿನ ಕಣಿವೆ ಸುಮ್ನೆ ನೋಡಿದರೆ ಖಾಲಿ. ಅದು ಕಬ್ಬಿಣಯುಗದ ಜನರ ಸ್ಮಶಾನ. ಗಣಿಯ ಅಧಿಕಾರಿ ಯೋಹಾನ್ ಗೇಯೋರ್ಗ್ ರಾಮ್‌ಸಾವರ್ 1846ರಿಂದ 1863ರವರೆಗೆ ಇಲ್ಲಿ 980 ಸಮಾಧಿಗಳನ್ನು ತೆಗೆಸಿ ದಾಖಲೆ ಮಾಡಿದರು. ಬಾಲ್ಟಿಕ್ ಸಮುದ್ರದ ಕಡೆಯ ಅಂಬರು (ಗಟ್ಟಿಯಾದ ಮರದ ರಾಳ), ಆಫ್ರಿಕಾದ ದಂತ, ಏನೆಲ್ಲ ಸಿಕ್ಕಿವೆ. ಉಪ್ಪು ಕೊಟ್ಟು ಅವೆಲ್ಲ ತಂದಿದ್ದರು. ಯುರೋಪಿನ ಕಬ್ಬಿಣಯುಗದ ಮೊದಲ ಘಟ್ಟಕ್ಕೆ ಇತಿಹಾಸಕಾರರು ಈ ಊರಿನ ಹೆಸರನ್ನೇ ಇಟ್ಟಿದ್ದಾರೆ. ಇನ್ನೊಂದು ನನಗೆ ತುಂಬಾ ಹಿಡಿಸಿತು. ಗಣಿಯ ಉಪ್ಪನ್ನು ಕರಗಿಸಿ ತೆಗೆದ ಉಪ್ಪುನೀರು ಕಾಯಿಸಲು ಸುತ್ತಲಿನ ಸೌದೆ ಸಾಲದೆ ಹೋದಾಗ, 1595ರಿಂದ 1607ರೊಳಗೆ, ಸುಮಾರು 13,000 ಮರದ ದಿಮ್ಮಿಗಳ ನಡು ಕೊರೆದು ಒಂದಕ್ಕೊಂದು ಜೋಡಿಸಿ 40 ಕಿ.ಮೀ. ದೂರದ ಎಬೆನ್‌ಸೇಗೆ ಉಪ್ಪುನೀರು ಹರಿಸಿದರು. ಸೌದೆಯನ್ನು ಉಪ್ಪಿನ ಹತ್ತಿರ ತರುವ ಬದಲು ಉಪ್ಪನ್ನೇ ಸೌದೆಯ ಹತ್ತಿರ ಕಳಿಸಿದರು. ಎಂಥ ತಲೆ ಅಲ್ವಾ!

ಗಣಿಯೊಳಗೆ ಬೇಸಿಗೆಯಲ್ಲೂ 8 ಡಿಗ್ರಿ. ಸ್ವೆಟರ್ ಬೇಕೇ ಬೇಕು, ಸೀರೆ, ಚಪ್ಪಲಿ ಬೇಡ. ಅವರು ಕೊಡುವ ಅಂಗಿ ಪ್ಯಾಂಟು ಮೇಲೆ ಹಾಕಿಕೊಳ್ಳಬೇಕು. ಕೆಲಸಗಾರರು ಬಳಸುತ್ತಿದ್ದ ರೀತಿಯ ಮರದ ಜಾರುಬಂಡೆ ಇದೆ, 64 ಮೀಟರ್ ಉದ್ದ. ಮಕ್ಕಳಿಗೆ ಹಬ್ಬ. ಮಂಡಿ ನೋವಿನವರು ಪಕ್ಕದ ಮೆಟ್ಟಿಲಲ್ಲಿ ಇಳಿಯಬಹುದು. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಒಳಗೆ ಬಿಡುವುದಿಲ್ಲ, ಮನೆಯವರಲ್ಲಿ ಒಬ್ಬರು ಹೊರಗೆ ನಿಲ್ಲಬೇಕಾಗುತ್ತದೆ. ಚಳಿಗಾಲದಲ್ಲಿ ಕೆಲವು ವಾರ, ದುರಸ್ತಿ ಇದ್ದರೆ ಇನ್ನೂ ಜಾಸ್ತಿ ದಿನ ಗಣಿಯನ್ನೋ ಬಂಡಿಯನ್ನೋ ಮುಚ್ಚುತ್ತಾರೆ. ದಿನಾಂಕ ಗೊತ್ತುಮಾಡುವ ಮೊದಲು ಅವರ ವೆಬ್‌ಸೈಟ್ ನೋಡಿ.

ಕೆಳಗಿಳಿದ ಮೇಲೆ ಕ್ಯಾಥೊಲಿಕ್ ಚರ್ಚಿನ ಹಿಂದಿರುವ ಮೂಳೆಮನೆಗೆ ಹೋಗಿ. ಹೆದರುವಂಥದ್ದೇನಿಲ್ಲ. ಊರಲ್ಲಿ ಹೂಳಲು ಜಾಗವೇ ಇಲ್ಲದ ಕಾರಣ, ಕೆಲವು ವರ್ಷದ ನಂತರ ಸಮಾಧಿ ತೆರೆದು ತಲೆಬುರುಡೆ ತೆಗೆದು ಬಿಸಿಲಿಗೆ ಒಣಗಿಸಿ ಇಲ್ಲಿ ಇಡುತ್ತಿದ್ದರು. ಸುಮಾರು 1200 ಇವೆ, ಅದರಲ್ಲಿ 610ಕ್ಕೆ ಬಣ್ಣ. ಹಣೆಯ ಮೇಲೆ ಕಪ್ಪಕ್ಷರದಲ್ಲಿ ಹೆಸರು, ಸುತ್ತ ಹಸಿರು ಎಲೆಯ ಬಳ್ಳಿ, ಕೆಲವಕ್ಕೆ ಗುಲಾಬಿ. ಒಂದೇ ಮನೆತನದವರನ್ನು ಅಕ್ಕಪಕ್ಕ ಇಟ್ಟಿದ್ದಾರೆ. ಕೊನೆಯದನ್ನು ಇಟ್ಟಿದ್ದು 1995ರಲ್ಲಿ, 1983ರಲ್ಲಿ ತೀರಿಕೊಂಡ ಒಬ್ಬ ಹೆಂಗಸಿನದು. ಬಂಗಾರದ ಹಲ್ಲಿನಿಂದ ಗುರುತು ಸಿಗುತ್ತದೆ. ಇವರೆಲ್ಲ ಇದೇ ಊರಿನವರ ಅಜ್ಜ ಅಜ್ಜಿಯರು. ಒಳಗೆ ಮೆಲ್ಲಗೆ ಮಾತಾಡಿ, ಸೆಲ್ಫಿ ಬೇಡ.

ಊರಿನಲ್ಲೂ ಅಷ್ಟೇ. ದಿನಕ್ಕೆ ಸಾವಿರಾರು ಜನ ಬಂದು ಹೋಗುವ ಜಾಗ ಅದು. ಸೆಲ್ಫಿಯವರ ಗದ್ದಲ ತಾಳಲಾರದೆ 2023ರಲ್ಲಿ ಆ ಪ್ರಸಿದ್ಧ ಫೋಟೊ ಜಾಗಕ್ಕೆ ಮರದ ಬೇಲಿಯನ್ನೇ ಹಾಕಿದ್ದರು, ಆಮೇಲೆ ತೆಗೆದರು. ಬೆಳಿಗ್ಗೆ ಎಂಟರೊಳಗೆ ಹೋದರೆ ನಿಮಗೂ ಆರಾಮ, ಅವರಿಗೂ ಆರಾಮ. ಅದಕ್ಕೇ ಒಂದು ರಾತ್ರಿಯಾದರೂ ಉಳಿಯಿರಿ. ಹಾಲ್‌ಸ್ಟಾಟ್‌ನಲ್ಲಿ ರೂಮು ದುಬಾರಿ ಅನ್ನಿಸಿದರೆ ಮುಂದಿನ ಸ್ಟೇಷನ್ ಓಬರ್‌ಟ್ರೌನ್‌ನಲ್ಲಿ ನೋಡಿ. ಅದೇ ಸರೋವರ, ಜನ ಕಡಿಮೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಸೂಪು ನೋಡಲು ತಿಳಿಯಾಗಿದ್ದರೂ ಹೆಚ್ಚಿನ ಕಡೆ ಅದು ದನದ ಮಾಂಸ ಕುದಿಸಿದ ಸಾರು. ಕೇಳದೆ ಕುಡಿಯಬೇಡಿ. ಹಿಟ್ಟಿನ ತುಣುಕುಗಳಿಗೆ ಚೀಸ್ ಹಾಕಿದ ಕೇಸೆಸ್ಪೆಟ್ಸ್‌ಲೆ ಅನ್ನುವ ತಿನಿಸು ಎಲ್ಲ ಕಡೆ ಸಿಗುತ್ತದೆ, ಮೊಟ್ಟೆ ಇರುತ್ತದೆ. ಮೊಟ್ಟೆಯೂ ಬೇಡ ಅನ್ನುವವರು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡೇ ಹೋಗಿ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಹಾಲು ಬ್ರೆಡ್ಡು ಶನಿವಾರವೇ ತಂದಿಡಿ. ನೀರಿನ ಬಾಟಲಿ ಕೊಳ್ಳುವುದು ಬೇಡ, ನಲ್ಲಿ ನೀರೇ ಸೊಗಸು.

ಮಳೆ ಯಾವಾಗ ಬೇಕಾದರೂ ಬರುತ್ತದೆ, ಛತ್ರಿಗಿಂತ ರೇನ್‌ಕೋಟ್ ಮೇಲು. ಮಳೆಯ ದಿನವನ್ನು ಗಣಿಗೆ, ಬಿಸಿಲಿನ ದಿನವನ್ನು ಓಬರ್‌ಟ್ರೌನ್‌ನಿಂದ ಕೇಬಲ್ ಕಾರ್ ಹತ್ತುವ ಕ್ರಿಪೆನ್‌ಸ್ಟೈನ್ ಬೆಟ್ಟಕ್ಕೆ ಇಟ್ಟುಕೊಳ್ಳಿ. ಐದು ಬೆರಳಿನ ಹಾಗೆ ಪ್ರಪಾತದ ಮೇಲೆ ಚಾಚಿದ ಕಟ್ಟೆ ಅಲ್ಲಿದೆ. ಮೋಡ ಕವಿದರೆ ಏನೂ ಕಾಣದು, ಕೇಬಲ್ ಕಾರಿನ ಟಿಕೆಟ್ ಅಗ್ಗದ್ದಲ್ಲ. ಬೆಳಿಗ್ಗೆ ವೆಬ್‌ಕ್ಯಾಮ್‌ನಲ್ಲಿ ಬೆಟ್ಟದ ತುದಿ ನೋಡಿಕೊಂಡು ಆಮೇಲೆ ದುಡ್ಡು ಕಟ್ಟಿ.