ಅಮ್ಮ ಕೀಮೋ ಬೇಡ ಅಂದಾಗ ನಾನು ಕೇಳುವ ಪ್ರಶ್ನೆ

ಬೆಂಗಳೂರಿನ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ನಾನು ಕೌನ್ಸೆಲರ್. ರೋಗಿಗಿಂತ ಮೊದಲು ಮನೆಯವರೇ ನನ್ನ ಹತ್ತಿರ ಬರುವುದು. "ಮೇಡಂ, ಅಮ್ಮ ಕೀಮೋ ಬೇಡ ಅಂತಿದ್ದಾರೆ. ಲಕ್ಷ್ಮಣ ಫಲ ತಿಂದರೆ ಸಾಕಂತೆ. ನೀವಾದರೂ ಬುದ್ಧಿ ಹೇಳಿ."

ಹೇಳುವುದಕ್ಕೆ ಬೇಕಾದಷ್ಟಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರ 2018ರ ಅಧ್ಯಯನವೊಂದಿದೆ. ಕ್ಯಾನ್ಸರ್ ಬೇರೆ ಅಂಗಕ್ಕೆ ಹರಡುವ ಮೊದಲೇ ಗೊತ್ತಾಗಿಯೂ ಬರೀ ಪರ್ಯಾಯ ಔಷಧಿ ನಂಬಿದವರಲ್ಲಿ ಸಾವಿನ ಅಪಾಯ, ಆಸ್ಪತ್ರೆಯ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ, ಎರಡೂವರೆ ಪಟ್ಟು ಇತ್ತು. ಸ್ತನ ಕ್ಯಾನ್ಸರ್‌ನಲ್ಲಂತೂ ಐದೂವರೆ ಪಟ್ಟಿಗೂ ಜಾಸ್ತಿ. ಲಕ್ಷ್ಮಣ ಫಲದ ಸತ್ವ ಲ್ಯಾಬ್‌ನಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದದ್ದು ನಿಜ. ಮನುಷ್ಯರಲ್ಲಿ ಕಾಯಿಲೆ ವಾಸಿ ಮಾಡಿದ್ದಕ್ಕೆ ಪುರಾವೆ ಇಲ್ಲ. ಕ್ಯಾನ್ಸರ್ ಗುಣಪಡಿಸುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾನೂನೇ ತಡೆದಿದೆ. ವಾಟ್ಸಾಪ್‌ಗೆ ಅದೆಲ್ಲ ಲೆಕ್ಕಕ್ಕಿಲ್ಲ ಬಿಡಿ.

ಇದನ್ನೆಲ್ಲ ಮಕ್ಕಳಿಗೆ ಹೇಳುತ್ತೇನೆ. ಅಮ್ಮನಿಗೆ ಮಾತ್ರ ಒಂದೇ ಪ್ರಶ್ನೆ: "ಕೀಮೋ ಅಂದ ತಕ್ಷಣ ನಿಮಗೆ ಯಾರ ನೆನಪಾಗುತ್ತದೆ ಅಮ್ಮ?"

ವಿಜಯನಗರದ ಕಡೆಯ ಒಬ್ಬರಿಗೆ ಸ್ತನ ಕ್ಯಾನ್ಸರ್. ಗಂಟು ಇನ್ನೂ ಚಿಕ್ಕದು. ಮಗ ಸಾಫ್ಟ್‌ವೇರ್ ಕೆಲಸದವನು, ಪ್ರಿಂಟೌಟ್‌ಗಳ ಕಟ್ಟನ್ನೇ ತಂದಿದ್ದ. ಅವನನ್ನು ಹೊರಗೆ ಕೂರಿಸಿ ಈ ಪ್ರಶ್ನೆ ಕೇಳಿದೆ. ಆಕೆ ಅಕ್ಕನ ವಿಷಯ ತೆಗೆದರು. 1980ರ ದಶಕ. ಅಕ್ಕ ವಾಂತಿ ಮಾಡಿ ಮಾಡಿ ಬಕೆಟ್ ಪಕ್ಕದಲ್ಲೇ ಮಲಗುತ್ತಿದ್ದರಂತೆ. ಬಕೆಟ್ ತೊಳೆಯುತ್ತಿದ್ದದ್ದು ಈಕೆ. ಈಗ ಸೊಸೆ ತನ್ನ ಬಕೆಟ್ ತೊಳೆಯಬೇಕಲ್ಲ ಅನ್ನುವುದೇ ಅವರ ಸಂಕಟ. ಲಕ್ಷ್ಮಣ ಫಲದ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಅದರಿಂದ ಯಾರಿಗೂ ತೊಂದರೆ ಇಲ್ಲವಲ್ಲ, ಅಷ್ಟೇ. ಮಗನ ಪ್ರಿಂಟೌಟ್‌ಗಳಲ್ಲಿ ಇದಕ್ಕೆ ಉತ್ತರ ಎಲ್ಲಿರುತ್ತದೆ?

ವಾಂತಿ ತಡೆಯುವ ಒಂಡಾನ್ಸೆಟ್ರಾನ್‌ನಂಥ ಔಷಧಿಗಳು ಬಳಕೆಗೆ ಬಂದದ್ದು 1990ರ ದಶಕದಲ್ಲಿ. ಅಕ್ಕನ ಕಾಲಕ್ಕೆ ಅವು ಇರಲಿಲ್ಲ. ಈಗ ಕೀಮೋ ಹಾಕುವ ಮೊದಲೇ ಕೊಡುತ್ತಾರೆ. ವಾಂತಿ ಬರುವುದೇ ಇಲ್ಲ ಅಂತ ನಾನು ಹೇಳಲಿಲ್ಲ. ಡೇ ಕೇರ್ ವಾರ್ಡ್‌ಗೆ ಕರೆದುಕೊಂಡು ಹೋದೆ. ಅಲ್ಲೊಬ್ಬರು ಡ್ರಿಪ್ ಹಾಕಿಸಿಕೊಂಡೇ ಸೊಸೆಗೆ ಫೋನಿನಲ್ಲಿ ಹುಳಿ ಮಾಡುವುದನ್ನು ಹೇಳಿಕೊಡುತ್ತಿದ್ದರು. ಇಬ್ಬರೂ ಮಾತಿಗೆ ಕೂತರು. ನಾನು ಸುಮ್ನೆ ಪಕ್ಕಕ್ಕೆ ಬಂದೆ. ಯುಗಾದಿ ಮುಗಿದ ಮೇಲೆ ಶುರು ಮಾಡೋಣವೇ ಅಂತ ಆಮೇಲೆ ಅವರೇ ಡಾಕ್ಟರನ್ನು ಕೇಳಿದರು.

ಕಷಾಯ, ತೊಗಟೆ ಪುಡಿ ಏನೇ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಗೆ ಗೊತ್ತಿರಬೇಕು. ಕೆಲವು ಕೀಮೋ ಔಷಧಿಗೆ ಅಡ್ಡ ಬರುತ್ತವೆ, ಕೆಲವು ಲಿವರ್‌ಗೆ ಪೆಟ್ಟು ಕೊಡುತ್ತವೆ. ಮನೆಯಲ್ಲಿ ಬೈದರೆ ಕದ್ದು ಕುಡಿಯುತ್ತಾರೆ.

ಏನು ಮಾಡಿದರೂ ಒಪ್ಪದವರು ಇದ್ದೇ ಇರುತ್ತಾರೆ. ಅವರ ಮಕ್ಕಳಿಗೆ ಮಾತು ಬಿಡಬೇಡಿ, ಸ್ಕ್ಯಾನ್‌ಗಾದರೂ ಕರೆತನ್ನಿ ಅನ್ನುತ್ತೇನೆ. ಗಡ್ಡೆ ಬೆಳೆದದ್ದು ಕಂಡ ಮೇಲೆ ಮನಸ್ಸು ಬದಲಿಸಿದವರಿದ್ದಾರೆ. ಆಗ "ಅವತ್ತೇ ಹೇಳಿದ್ದೆ" ಅನ್ನಬೇಡಿ ಅಂತಲೂ ಹೇಳುತ್ತೇನೆ. ಗುಣವಾಗುವ ಹಂತ ದಾಟಿದ್ದರೂ ನೋವಿಗೆ ಔಷಧಿ ಇದೆ. ಮಾರತಹಳ್ಳಿ ಹತ್ತಿರದ ಕರುಣಾಶ್ರಯದಲ್ಲಿ ಅಂಥವರನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ.