ಧನುರ್ಮಾಸದ ಬಚ್ಚಲು, ಒಣಗದ ಟವೆಲ್

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ಬಚ್ಚಲು ಉತ್ತರದ ಮೂಲೆಯಲ್ಲಿದೆ. ಅದರ ಹೊರಗೋಡೆಗೆ ಚಳಿಗಾಲದಲ್ಲಿ ಒಂದು ಗಳಿಗೆಯೂ ಬಿಸಿಲು ಬೀಳುವುದಿಲ್ಲ. ವರ್ಷದ ಬಹುಪಾಲು ಇದರಿಂದ ಯಾರಿಗೂ ತೊಂದರೆಯಿಲ್ಲ. ಏಪ್ರಿಲ್ ತಿಂಗಳಲ್ಲಂತೂ ಮನೆಯಲ್ಲೆಲ್ಲ ಹಿತವಾದ ಕೋಣೆ ಅದೇ. ಆದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ, ಬೆಳಗಿನ ಜಾವ 5 ಗಂಟೆಗೆ ಎದ್ದು, ಸ್ನಾನ ಮುಗಿಸಿ, ಹುಗ್ಗಿಯ ನೈವೇದ್ಯಕ್ಕೆ ಅಣಿಯಾಗುವ ನಮ್ಮ 78 ವರ್ಷದ ಅತ್ತೆಯವರಿಗೆ ಆ ಬಚ್ಚಲಿಗೆ ಕಾಲಿಡುವುದೇ ಒಂದು ವ್ರತವಾಗಿಬಿಡುತ್ತದೆ. ಹೋದ ವರ್ಷ ಅವರು ಹೀಗೆಂದರು: “ನೀರೇನೋ ಸುಡೋ ಹಾಗಿದೆ ಕಣಮ್ಮ. ಮೈ ಒರೆಸ್ಕೊಳ್ಳೋ ಹೊತ್ತಿಗೆ ನಡುಕ ಬರುತ್ತೆ ನೋಡು. ಟವೆಲ್ಲೂ ನಿನ್ನೇದು, ಹಸಿಹಸಿ.”

ಅಲ್ಲಿಯವರೆಗೆ ನಾನು ಗೀಸರಿನ ಗುಂಡಿಯನ್ನು ಇನ್ನಷ್ಟು ತಿರುಗಿಸುವುದೇ ಪರಿಹಾರವೆಂದುಕೊಂಡಿದ್ದೆ. ನೀರು ಎಷ್ಟು ಬಿಸಿಯಾಗಿದ್ದರೂ ಚಳಿ ಹಿಡಿಯುವುದು ನೀರು ನಿಂತ ಮೇಲೆ ಎಂಬುದು ನನಗೆ ಹೊಳೆದಿರಲಿಲ್ಲ. ಮೈಮೇಲೆ ಉಳಿದ ನೀರು ಆವಿಯಾಗಲು ಶಾಖ ಬೇಕು, ಆ ಶಾಖವನ್ನು ಅದು ಮೈಯಿಂದಲೇ ಕಿತ್ತುಕೊಳ್ಳುತ್ತದೆ. ಒಂದೇ ಒಂದು ಗ್ರಾಂ ನೀರು ಆವಿಯಾಗಿ ಹೋಗುವಾಗ ಸುಮಾರು 2.4 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ. ಅಷ್ಟು ಶಾಖದಲ್ಲಿ ಅರ್ಧ ಕಾಫಿ ಲೋಟ ನೀರನ್ನು 10 ಡಿಗ್ರಿ ಬೆಚ್ಚಗೆ ಮಾಡಬಹುದು. ಹೀಗಿರುವಾಗ ಆ ನೀರನ್ನು ಬೇಗ ಹೀರಿಕೊಳ್ಳಬೇಕಾದ ಟವೆಲ್ಲೇ ಮೊದಲೇ ಒದ್ದೆಯಾಗಿದ್ದರೆ, ಒರೆಸಿಕೊಳ್ಳುವ ಕೆಲಸ ಒಂದು ನಿಮಿಷದ ಬದಲು ಮೂರು ನಿಮಿಷ ಹಿಡಿಯುತ್ತದೆ, ಆ ಮೂರು ನಿಮಿಷವೂ ಮೈ ತಣ್ಣಗಾಗುತ್ತಲೇ ಇರುತ್ತದೆ. ಬಚ್ಚಲಿನ ಚಳಿ ಮತ್ತು ಟವೆಲಿನ ಹಸಿ ಎರಡು ಬೇರೆ ದೂರುಗಳೆಂದು ತಿಳಿದಿದ್ದ ನನಗೆ ಅವು ಒಂದೇ ದೂರಿನ ಎರಡು ತುದಿಗಳೆಂದು ಅರ್ಥವಾದದ್ದು ಅತ್ತೆಯವರ ಆ ಮಾತಿನಿಂದ.

ಟವೆಲ್ ನಿಜಕ್ಕೂ ಎಷ್ಟು ಹಸಿಯಾಗಿರುತ್ತದೆ ಎಂದು ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಅದನ್ನು ತೂಗಿ ನೋಡಿದೆ. ನಮ್ಮ ಯಜಮಾನರು ನಕ್ಕರು, ನಗಲಿ. ಅತ್ತೆಯವರ ದಪ್ಪನೆಯ ಟರ್ಕಿ ಟವೆಲ್ ಚೆನ್ನಾಗಿ ಒಣಗಿದ್ದಾಗ 490 ಗ್ರಾಂ ಇತ್ತು. ಸ್ನಾನವಾದ ಮೇಲೆ 585 ಗ್ರಾಂ. ಅದನ್ನು ಎಂದಿನಂತೆ ಬಾಗಿಲ ಹಿಂದಿನ ಕೊಕ್ಕೆಗೆ ಸಿಕ್ಕಿಸಿ, ಕಿಟಕಿ ಮುಚ್ಚಿಯೇ ಬಿಟ್ಟು, ಸಂಜೆ 6 ಗಂಟೆಗೆ ತೂಗಿದರೆ 550; ಮರುದಿನ ಬೆಳಿಗ್ಗೆ ಅದು ಮತ್ತೆ ಕೈಗೆ ಬರುವ ಹೊತ್ತಿಗೆ 530. ಅಂದರೆ ಇಡೀ ಒಂದು ದಿನ ಕಳೆದರೂ 40 ಗ್ರಾಂ ನೀರು ಅದರೊಳಗೇ ಕೂತಿತ್ತು. ಅದೇ ದಿನ ವರಾಂಡದ ಹಗ್ಗದ ಮೇಲೆ ಹರವಿದ ನನ್ನ ತೆಳು ನೂಲಿನ ಟವೆಲ್ ಬೆಳಿಗ್ಗೆ 225 ಗ್ರಾಂ ಇದ್ದದ್ದು 11 ಗಂಟೆಯ ಒಳಗೆ ತನ್ನ ಮೂಲ ತೂಕವಾದ 150 ಗ್ರಾಂಗೆ ಇಳಿದಿತ್ತು.

ಇದಕ್ಕೆ ಕಾರಣ ಗಾಳಿಯ ಲೆಕ್ಕದಲ್ಲಿದೆ. ನಮ್ಮ ಬಚ್ಚಲು ಐದು ಅಡಿ ಅಗಲ, ಏಳು ಅಡಿ ಉದ್ದ, ಒಂಬತ್ತು ಅಡಿ ಎತ್ತರ. ಅಂದರೆ ಸುಮಾರು 9 ಘನ ಮೀಟರ್ ಗಾಳಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆ ಲೆಕ್ಕದಲ್ಲಿ ಇಡೀ ಕೋಣೆಯ ಗಾಳಿ ಹೊರಬಲ್ಲದ್ದು ಸುಮಾರು 153 ಗ್ರಾಂ ಮಾತ್ರ. ಸ್ನಾನ ಮುಗಿದಾಗ ಕನ್ನಡಿ ಮಸುಕಾಗಿದೆಯೆಂದರೆ ಆ ಪಾಲು ಆಗಲೇ ಬಹುಮಟ್ಟಿಗೆ ಭರ್ತಿಯಾಗಿದೆ ಎಂದೇ ಅರ್ಥ. ಎರಡು ಟವೆಲಿನ 170 ಗ್ರಾಂ ನೀರಿಗೆ ಅಲ್ಲಿ ಜಾಗವೆಲ್ಲಿದೆ? ನೆಲದ ಮೇಲೆ ಉಳಿದಿರುವ ಒಂದೆರಡು ಲೋಟ ನೀರು ಬೇರೆ ಅದೇ ಜಾಗಕ್ಕೆ ಕಾದಿರುತ್ತದೆ. ಆದ್ದರಿಂದ ಸ್ನಾನವಾದ ಕೂಡಲೇ ವೈಪರಿನಿಂದ ಗೋಡೆಯ ಟೈಲ್ಸನ್ನೂ ನೆಲವನ್ನೂ ಎಳೆದು ನೀರನ್ನು ಮೋರಿಗೆ ತಳ್ಳುವುದು ಬರಿಯ ಚೊಕ್ಕಟದ ಮಾತಲ್ಲ. ಹಾಗೆ ಹರಿದುಹೋದ ನೀರು ಆವಿಯಾಗಬೇಕಾಗಿಲ್ಲ.

ಇಲ್ಲಿ ಒಂದು ತೊಡಕಿದೆ. ಬೆಚ್ಚಗಾಗಲು ಕಿಟಕಿ ಮುಚ್ಚಬೇಕು, ಒಣಗಲು ತೆರೆಯಬೇಕು. ನಮ್ಮ ಮನೆಯಲ್ಲಿ ಚಳಿಗೆ ಹೆದರಿ ದಿನವಿಡೀ ಮುಚ್ಚಿಯೇ ಇಡುತ್ತಿದ್ದೆವು, ಆದ್ದರಿಂದ ಎರಡೂ ಕೆಡುತ್ತಿದ್ದವು. ಈಗ ಲೂವರ್ ಕಿಟಕಿಯ ಗಾಜುಗಳನ್ನು ರಾತ್ರಿ ಮಲಗುವ ಮುನ್ನ ಮುಚ್ಚಿ, ಕೊನೆಯವರ ಸ್ನಾನವಾದ ಮೇಲೆ ಪೂರ್ತಿ ತೆರೆಯುತ್ತೇವೆ. ಆರು ಇಂಚಿನ ಎಕ್ಸಾಸ್ಟ್ ಫ್ಯಾನನ್ನು 20 ನಿಮಿಷ ಓಡಿಸುತ್ತೇವೆ. ಅದಕ್ಕೆ ತಗಲುವ ವಿದ್ಯುತ್ತು ಲೆಕ್ಕಕ್ಕೇ ಬರುವಂತಹದ್ದಲ್ಲ. ಆದರೆ ಕಿಟಕಿ ಮುಚ್ಚಿದ್ದಾಗ ಫ್ಯಾನ್ ಓಡಿಸುವುದಾದರೆ ಬಾಗಿಲ ಕೆಳಗೆ ಒಂದು ಬೆರಳಿನಷ್ಟಾದರೂ ಸಂದು ಇರಬೇಕು. ಒಳಗೆ ಬರುವ ಗಾಳಿಗೆ ದಾರಿಯಿಲ್ಲದಿದ್ದರೆ ಫ್ಯಾನು ಸದ್ದು ಮಾಡುತ್ತದೆಯೇ ಹೊರತು ಹಬೆಯನ್ನು ಎಳೆಯುವುದಿಲ್ಲ.

ಹೀಟರಿನ ವಿಷಯದಲ್ಲಿ ನಾನು ಮಾಡಿಕೊಂಡ ಎಡವಟ್ಟನ್ನು ಹೇಳಲೇಬೇಕು. ಮೊದಲು ತಂದದ್ದು ನೆಲದ ಮೇಲಿಡುವ 2000 ವಾಟ್‌ನ ಬಿಸಿಗಾಳಿಯ ಹೀಟರ್. ಅಂಗಡಿಯವರು ಎಲ್ಲಿ ಬೇಕಾದರೂ ಇಡಬಹುದೆಂದು ಹೇಳಿದ್ದರು. ನಾನು ಅದನ್ನು ಮಲಗುವ ಕೋಣೆಯ 6 ಆಂಪಿಯರ್ ಸಾಕೆಟಿಗೆ ಎಕ್ಸ್‌ಟೆನ್ಷನ್ ಬಾಕ್ಸಿನ ಮೂಲಕ ಸಿಕ್ಕಿಸಿ, ಬಚ್ಚಲಿನ ಹೊಸ್ತಿಲ ಹೊರಗೆ ಇಟ್ಟೆ. 230 ವೋಲ್ಟಿನಲ್ಲಿ 2000 ವಾಟ್ ಎಂದರೆ ಸುಮಾರು 8.7 ಆಂಪಿಯರ್ ಎಂಬ ಸರಳ ಭಾಗಾಕಾರವನ್ನು ಅಂದು ಮಾಡಿರಲಿಲ್ಲ. ನಾಲ್ಕನೆಯ ದಿನ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದಿತು. ಪ್ಲಗ್ ಕಿತ್ತು ನೋಡಿದರೆ ಅದರ ಒಂದು ಕಾಲಿನ ಬುಡ ಕಂದುಗಟ್ಟಿ, ಬಾಕ್ಸಿನ ತೂತು ಮೊಟ್ಟೆಯಾಕಾರಕ್ಕೆ ಕರಗಿತ್ತು. ಬಂದ ಎಲೆಕ್ಟ್ರಿಷಿಯನ್ ಅದನ್ನು ಕೈಯಲ್ಲಿ ಹಿಡಿದು, “ಮೇಡಂ, ಇದನ್ನ ಒದ್ದೆ ಕೈಯಲ್ಲಿ ಮುಟ್ಟಿರ್ಲಿಲ್ವಲ್ಲ ಸದ್ಯ” ಎಂದಷ್ಟೇ ಹೇಳಿ ಸುಮ್ಮನಾದರು.

ಆ ನಾಲ್ಕು ದಿನಗಳಲ್ಲಿ ಅದು ಹೆಚ್ಚಿನ ಸುಖವನ್ನೂ ಕೊಟ್ಟಿರಲಿಲ್ಲ. ಗಾಳಿ ಬೆಚ್ಚಗಾಗುತ್ತಿತ್ತು, ಆದರೆ ಬೀಸುವ ಗಾಳಿ ಮೈಮೇಲಿನ ನೀರನ್ನು ಇನ್ನಷ್ಟು ಬೇಗ ಆವಿಯಾಗಿಸಿ ಮೈಯನ್ನು ತಣ್ಣಗೆ ಮಾಡುತ್ತಿತ್ತು. ಒಂಬತ್ತಿಂಚಿನ ಇಟ್ಟಿಗೆ ಗೋಡೆಯೂ ಟೈಲ್ಸೂ ಹಾಗೆಯೇ ಕೊರೆಯುತ್ತಿದ್ದವು. ಆಗ ನನಗೆ ನೆನಪಾದದ್ದು ಪಾಂಡವಪುರದ ಕಡೆಯ ನಮ್ಮ ಅಜ್ಜಿಯ ಮನೆಯ ಬಚ್ಚಲು. ಅಲ್ಲಿ ಮೂಲೆಯಲ್ಲಿ ಮಣ್ಣಿನಿಂದ ಕಟ್ಟಿದ ಒಲೆ, ಅದರ ಮೇಲೆ ಹೂತು ಕೂರಿಸಿದ ತಾಮ್ರದ ಹಂಡೆ. ತೆಂಗಿನ ಮಟ್ಟೆ, ಗರಿ, ಚಿಪ್ಪುಗಳನ್ನು ಹಿಂದಿನ ರಾತ್ರಿಯೇ ಒಲೆಯ ಬಾಯಿಗೆ ಒಟ್ಟಿಟ್ಟಿರುತ್ತಿದ್ದರು. ಬೆಳಗಾಗುವಷ್ಟರಲ್ಲಿ ಹಂಡೆಯ ನೀರಷ್ಟೇ ಅಲ್ಲ, ಒಲೆಯ ಕಟ್ಟೆಯೂ ಅದಕ್ಕೆ ಅಂಟಿದ ಗೋಡೆಯೂ ಕಾದಿರುತ್ತಿದ್ದವು. ಬಾಗಿಲು ಅರ್ಧ ತೆರೆದೇ ಇದ್ದರೂ ಬೆನ್ನಿಗೆ ಹಿತವಾದ ಕಾವು ತಾಗುತ್ತಿತ್ತು. ಹಂಡೆಯ ಮೇಲೆ, ಮಕ್ಕಳ ಕೈಗೆ ನಿಲುಕದ ಎತ್ತರದಲ್ಲಿ, ಬಿದಿರಿನ ಗಳವೊಂದು ತೂಗುತ್ತಿತ್ತು. ಬಟ್ಟೆಯನ್ನು ಕೋಲಿನಿಂದ ಎತ್ತಿ ಅದರ ಮೇಲೆ ಹರವುತ್ತಿದ್ದರು. ಮೈಯೊರೆಸುವ ವಸ್ತ್ರ ಅಲ್ಲಿಂದ ಕೆಳಗಿಳಿಯುವಾಗ ಬಿಸಿ ದೋಸೆಯಷ್ಟು ಬೆಚ್ಚಗಿರುತ್ತಿತ್ತು, ಸ್ವಲ್ಪ ಹೊಗೆಯ ವಾಸನೆಯೊಂದಿಗೆ. ಗಾಳಿಯನ್ನು ಕಾಯಿಸುವುದಕ್ಕಿಂತ ಮೈಗೆ ಎದುರಾಗಿರುವ ಗೋಡೆಯೋ ಕಟ್ಟೆಯೋ ಕಾದಿರುವುದು ಮುಖ್ಯ ಎಂಬುದನ್ನು ಆ ಮಣ್ಣಿನ ಕಟ್ಟೆ ಸಾಧಿಸಿ ತೋರಿಸುತ್ತಿತ್ತು.

ಹಂಡೆ ಒಲೆಯನ್ನು ಕುವೆಂಪುನಗರದಲ್ಲಿ ಕಟ್ಟುವಂತಿಲ್ಲ. ಅದರ ಹತ್ತಿರದ ಕೆಲಸ ಮಾಡುವುದು ಗೋಡೆಗೆ ಕೂರಿಸುವ ಕ್ವಾರ್ಟ್ಜ್ ಹೀಟರ್. ಅದು ಕೆಂಪಗೆ ಕಾದು ಕಿರಣದ ರೂಪದಲ್ಲಿ ನೇರವಾಗಿ ಮೈಗೆ ಶಾಖ ಕೊಡುತ್ತದೆ. ನೀರಿನ ಸಿಡಿತವನ್ನು ತಡೆಯುವ ಐಪಿಎಕ್ಸ್4 ಗುರುತಿರುವ, 1200 ವಾಟ್‌ನ ಒಂದನ್ನು ಬಾಗಿಲ ಮೇಲೆ ಏಳೂವರೆ ಅಡಿ ಎತ್ತರದಲ್ಲಿ ಹಾಕಿಸಿದೆವು. ಅದಕ್ಕೆ ಬೇರೆಯೇ ವೈರ್ ಎಳೆಸಿ, ಸ್ವಿಚ್ಚನ್ನು ಬಚ್ಚಲಿನ ಹೊರಗೆ ಇಡಿಸಿ, ಅರ್ಥಿಂಗ್ ಪರೀಕ್ಷಿಸಿ, ವಿದ್ಯುತ್ ಸೋರಿದರೆ ತಟ್ಟನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದ ಖರ್ಚು ಹೀಟರಿನ ಬೆಲೆಗಿಂತ ಹೆಚ್ಚಾಯಿತು. ಆ ಖರ್ಚಿನಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಬಹುದಿತ್ತೆಂದು ನನಗೆ ಅನ್ನಿಸುವುದಿಲ್ಲ. ಗೃಹಜ್ಯೋತಿಯ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆಂಬ ಚಿಂತೆ ಯಜಮಾನರಿಗಿತ್ತು. ದಿನಕ್ಕೆ ಕಾಲು ಗಂಟೆ ಉರಿಸಿದರೆ 0.3 ಯೂನಿಟ್, ತಿಂಗಳಿಗೆ 9 ಯೂನಿಟ್ ಎಂದು ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದ ಮೇಲೆ ಸಮಾಧಾನವಾಯಿತು. ಹೀಟರಿನ ಮೇಲಾಗಲಿ, ಅದಕ್ಕೆ ತೀರ ಹತ್ತಿರವಾಗಲಿ ಟವೆಲ್ ಹಾಕಬಾರದು. ಬಟ್ಟೆ ಕಾದು ಹೊತ್ತಿಕೊಳ್ಳಬಹುದು.

ಗ್ಯಾಸ್ ಗೀಸರನ್ನು ಬಚ್ಚಲೊಳಗೇ ಇಟ್ಟುಕೊಂಡು, ಚಳಿಯೆಂದು ಕಿಟಕಿ ಮುಚ್ಚಿ ಸ್ನಾನ ಮಾಡುವವರಿಗೆ ಒಂದು ಮಾತು. ಹಾಗೆ ಮಾಡಬೇಡಿ. ಆಮ್ಲಜನಕ ಸಾಲದೆ ಅರೆಬರೆ ಉರಿದ ಗ್ಯಾಸಿನಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆ ಸುತ್ತುತ್ತಿದೆ ಎನ್ನುವಷ್ಟರಲ್ಲಿ ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಆ ಗೀಸರ್ ಇರಬೇಕಾದದ್ದು ಮನೆಯ ಹೊರಗೆ, ಗಾಳಿಯಾಡುವ ಜಾಗದಲ್ಲಿ. ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಬುಟ್ಟಿ ಬೋರಲು ಹಾಕಿ ಮಗುವಿನ ಬಟ್ಟೆ ಆರಿಸುತ್ತಿದ್ದ ಕಾಲದಲ್ಲಿ ಹೆಂಚಿನ ಸಂದುಗಳಿಂದ ಗಾಳಿಯಾಡುತ್ತಿತ್ತು. ಆರ್‌ಸಿಸಿ ಛಾವಣಿಯ ಕೆಳಗೆ ಆ ಅಭ್ಯಾಸಕ್ಕೂ ಇದೇ ಅಪಾಯವಿದೆ.

ನೆಲದ ಕೊರೆತಕ್ಕೆ ಖರ್ಚೇ ಆಗಲಿಲ್ಲ. ಅಟ್ಟದ ಮೇಲಿದ್ದ ಹಳೆಯ ಹಲಸಿನ ಮಣೆಯೊಂದನ್ನು ಕೆಳಗಿಳಿಸಿ, ಜಾರದಂತೆ ಅಡಿಗೆ ರಬ್ಬರ್ ಬಡಿಸಿ ಒಣ ಜಾಗದಲ್ಲಿ ಇಟ್ಟಿದ್ದೇವೆ. ಟೈಲ್ಸಿಗೂ ಮರಕ್ಕೂ ಇರುವ ತಾಪ ಒಂದೇ ಆದರೂ ಟೈಲ್ಸ್ ಪಾದದ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಮರ ಅಷ್ಟು ಬೇಗ ಎಳೆದುಕೊಳ್ಳುವುದಿಲ್ಲ.

ಇನ್ನು ಟವೆಲ್ ಹಾಕುವ ಬಗೆ. ಕೊಕ್ಕೆಗೆ ಸಿಕ್ಕಿಸಿದ ಟವೆಲ್ ಎಂಟು ಮಡಿಕೆಯಾಗಿ ತನ್ನ ಮೇಲೆಯೇ ಬೀಳುತ್ತದೆ. ಹೊರಮಡಿಕೆ ಒಣಗಿದರೂ ಒಳಮಡಿಕೆಗೆ ಗಾಳಿ ತಾಗುವುದಿಲ್ಲ. ಒಂದೇ ಸರಳಿನ ಮೇಲೆ ಹಾಕಿದರೂ ಎರಡು ಅರ್ಧಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವರಾಂಡದಲ್ಲಿ ನಾಲ್ಕಿಂಚು ಅಂತರದಲ್ಲಿ ಎರಡು ಸ್ಟೀಲ್ ಸರಳುಗಳನ್ನು ಸಮಾನಾಂತರವಾಗಿ ಹಾಕಿಸಿ, ಎರಡರ ಮೇಲೂ ಟವೆಲನ್ನು ಹರವಿದೆವು. ನಡುವೆ ಸುರಂಗದಂತೆ ಗಾಳಿ ಹಾಯುತ್ತದೆ. ಅದೇ 585 ಗ್ರಾಂ ಟರ್ಕಿ ಟವೆಲ್ ಅಲ್ಲಿ ಮಧ್ಯಾಹ್ನ 2 ಗಂಟೆಗೆ 490ಕ್ಕೆ ಇಳಿಯಿತು. 95 ಗ್ರಾಂ ನೀರನ್ನು ಆವಿ ಮಾಡಲು ಬೇಕಾದ ಶಾಖವನ್ನು ವಿದ್ಯುತ್ತಿನ ಲೆಕ್ಕದಲ್ಲಿ ಹೇಳುವುದಾದರೆ 0.07 ಯೂನಿಟ್ಟಿಗೂ ಕಡಿಮೆ. ಅಷ್ಟನ್ನು ಮೈಸೂರಿನ ಚಳಿಗಾಲದ ಒಣ ಮಧ್ಯಾಹ್ನ ಪುಕ್ಕಟೆಯಾಗಿ ಕೊಡುತ್ತದೆ. ಬಿಸಿಯಾಗುವ ವಿದ್ಯುತ್ ಸರಳುಗಳೂ ಸಿಗುತ್ತವೆ. ಕೊಡಗಿನ ಮಳೆಗಾಲದಲ್ಲಿ ಅವು ಬೇಕಾದೀತು, ಇಲ್ಲಿ ಬೇಡ. ನಮ್ಮಲ್ಲಿ ಆಷಾಢದ ಮೋಡದ ದಿನವೂ ಗಾಳಿಯೊಂದೇ ಬಟ್ಟೆ ಒಣಗಿಸುತ್ತದೆ, ಕ್ಲಿಪ್ ಗಟ್ಟಿಯಾಗಿದ್ದರೆ. ಮಾರ್ಗಶಿರದಲ್ಲಿ ಮಾತ್ರ ಸಂಜೆ ಮರೆತು ತಾರಸಿಯ ಮೇಲೆ ಬಿಟ್ಟ ಟವೆಲ್ ಇಬ್ಬನಿ ಕುಡಿದು, ಹಾಕಿದಾಗ ಇದ್ದುದಕ್ಕಿಂತ ಹೆಚ್ಚು ತೂಗುತ್ತದೆ.

ಮುಗ್ಗುಲು ವಾಸನೆ ಒಮ್ಮೆ ಹಿಡಿದರೆ ಒಣಗಿಸುವುದರಿಂದಷ್ಟೇ ಹೋಗುವುದಿಲ್ಲ. ಅದು ನೂಲಿನೊಳಗೆ ಬೆಳೆದ ಬ್ಯಾಕ್ಟೀರಿಯಾಗಳದ್ದು, ಟವೆಲ್ ಒದ್ದೆಯಾದ ಕೂಡಲೇ ಮತ್ತೆ ಏಳುತ್ತದೆ. ಕೈ ಇಡಲಾಗದಷ್ಟು ಬಿಸಿ ನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ, ಬಿಳಿ ಟವೆಲುಗಳನ್ನು ಒಂದು ಗಂಟೆ ನೆನೆಸಿ ಒಗೆದರೆ ನಮ್ಮಲ್ಲಿ ಹೋಯಿತು. ಬಟ್ಟೆ ಮೆದುವಾಗಲೆಂದು ಹಾಕುವ ಕಂಡೀಷನರನ್ನು ಟವೆಲಿಗೆ ಹಾಕುವುದನ್ನು ನಿಲ್ಲಿಸಿದೆ. ಅದು ನೂಲಿನ ಮೇಲೆ ಜಿಡ್ಡಿನ ಪದರ ಕಟ್ಟಿ ಹೀರುವ ಗುಣವನ್ನೇ ಕುಗ್ಗಿಸುತ್ತದೆ.

ಈ ಧನುರ್ಮಾಸದಲ್ಲಿ ಅತ್ತೆಯವರಿಗೆ ಎರಡು ತೆಳು ಟವೆಲುಗಳನ್ನು ಸರದಿಯಲ್ಲಿ ಕೊಡುತ್ತಿದ್ದೇನೆ. ಮೊದಲು ಒಲ್ಲೆನೆಂದು ತಲೆಯಾಡಿಸಿದರು, ಮಗಳು ಕೊಡಿಸಿದ ಟರ್ಕಿ ಟವೆಲನ್ನು ಬಿಡುವುದು ಹೇಗೆಂದು. ಈಗ ಅದು ಅವರ ದಿಂಬಿನ ಮೇಲೆ ಹಾಸಿಕೊಂಡು ಕೂತಿದೆ. ಹೀಟರಿನ ಬಗ್ಗೆ ಒಂದೇ ಆಕ್ಷೇಪ ಉಳಿದಿದೆ: “ಹೋಮದ ಮುಂದೆ ಕೂತ ಹಾಗಾಗುತ್ತೆ ಕಣಮ್ಮ, ಕಣ್ಣಿಗೆ ಕೆಂಪು ಹೊಡೆಯುತ್ತೆ.” ಆದರೂ ಸ್ನಾನ ಮುಗಿಸಿ ಹೊರಗೆ ಬಂದ ಮೇಲೆ ಸ್ವಿಚ್ ಆರಿಸುವುದನ್ನು ಅವರು ದಿನವೂ ಮರೆಯುತ್ತಾರೆ.