ಬೇಸಿಗೆಗೆ ಮುನ್ನ ಎಸಿ ಕೆಲಸ: ಇಲ್ಲಿಯವರೆಗೆ ಆಗಿದ್ದು

ಕಲಬುರಗಿಯಲ್ಲಿ ಶಿವರಾತ್ರಿ ಮುಗಿಯಿತೆಂದರೆ ಬಿಸಿಲು ಏರತೊಡಗುತ್ತದೆ. ಮೇ ಹೊತ್ತಿಗೆ 42 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ನಮ್ಮದು ಮೇಲಿನ ಮಹಡಿ, ತಲೆಯ ಮೇಲೆ ನೇರ ತಾರಸಿ. ಹಾಲ್‌ನಲ್ಲಿರುವುದು 1.5 ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ, ತಂಪು ಮಾಡಲು ಆರ್32 ಎಂಬ ಗ್ಯಾಸ್ ಬಳಸುವಂಥದು. ಏಪ್ರಿಲ್ ಬಂದರೆ ಮೆಕ್ಯಾನಿಕ್‌ಗಳು ಕೈಗೆ ಸಿಗುವುದಿಲ್ಲ, ಹಾಗಾಗಿ ಈ ಕೆಲಸವನ್ನು ಫೆಬ್ರವರಿಯಲ್ಲೇ ಹಿಡಿದೆ.

ಅಳತೆ ಮೊದಲು

ಏನನ್ನೂ ಬಿಚ್ಚುವ ಮುಂಚೆ ಎಸಿಯನ್ನು 18ಕ್ಕೆ ಇಟ್ಟು, ಫ್ಯಾನ್ ಜೋರು ಮಾಡಿ, ಕಂಪ್ರೆಸರ್ ಪೂರ್ತಿ ಓಡುವವರೆಗೆ ಬಿಟ್ಟೆ. ಮೇಲಿನಿಂದ ಒಳಹೋಗುವ ಗಾಳಿ 31 ಡಿಗ್ರಿ, ಕೆಳಗಿನಿಂದ ಹೊರಬರುವುದು 17. ಅಂದರೆ 14 ಡಿಗ್ರಿ ವ್ಯತ್ಯಾಸ. ಆದರೆ ಗಾಳಿ ಸೋಫಾದವರೆಗೂ ಬರುತ್ತಿರಲಿಲ್ಲ.

ಇದನ್ನು ಒತ್ತಿ ಹೇಳಬೇಕು. ಎಸಿ ತಂಪು ಮಾಡುತ್ತಿಲ್ಲ ಎಂದ ಕೂಡಲೇ ‘ಗ್ಯಾಸ್ ಖಾಲಿ, ತುಂಬಿಸಿ’ ಎಂಬ ಮಾತು ಬರುತ್ತದೆ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ, ಮತ್ತು ಸೋರುವ ಜಾಗ ಹುಡುಕದೆ ತುಂಬಿಸಿದ್ದು ಮತ್ತೆ ಹೋಗುತ್ತದೆ. 17 ಡಿಗ್ರಿ ಗಾಳಿ ಕೊಡುತ್ತಿರುವ ಮಷೀನಿಗೆ ಬೇಕಾಗಿದ್ದು ಗ್ಯಾಸ್ ಅಲ್ಲ, ಗಾಳಿಗೆ ದಾರಿ. ಆದರೂ ಹೊರಗಿನ ಯೂನಿಟ್ಟಿನ ನಟ್‌ಗಳಿಗೆ ಸೋಪಿನ ನೊರೆ ಹಚ್ಚಿ ನೋಡಿದೆ. ಗುಳ್ಳೆ ಏಳಲಿಲ್ಲ, ಎಣ್ಣೆಯ ಕಲೆಯೂ ಇರಲಿಲ್ಲ. ಸೋರಿದ ಕಡೆ ಗ್ಯಾಸ್ ಜೊತೆ ಕಂಪ್ರೆಸರಿನ ಎಣ್ಣೆಯೂ ಬರುವುದರಿಂದ ಆ ಕಲೆ ಒಳ್ಳೆಯ ಸುಳಿವು.

ಒಳಗಿನ ಯೂನಿಟ್

ಎಂಸಿಬಿ (ಎಸಿಗೆ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿಯೇ ಮುಂದಿನ ಕೆಲಸ. ಫಿಲ್ಟರ್ ತೊಳೆಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ನೆರಳಲ್ಲೇ ಒಣಗಿಸಬೇಕು; ಬಿಸಿಲಿಗೆ ಹಾಕಿದರೆ ಫ್ರೇಮ್ ಸೊಟ್ಟಗಾಗುತ್ತದೆ. ನಿಜವಾದ ಕೊಳೆ ಅದರ ಹಿಂದಿತ್ತು. ಟಾರ್ಚ್ ಹಿಡಿದು ನೋಡಿದರೆ ಉದ್ದನೆಯ ಬ್ಲೋವರಿನ ಒಂದೊಂದು ಎಸಳಿನ ಗುಳಿಯಲ್ಲೂ ಬೂದು ಬಣ್ಣದ ಧೂಳು ಹೆಪ್ಪುಗಟ್ಟಿತ್ತು. ತೊಗರಿ ರಾಶಿ ಮಾಡುವ ಕಾಲದಲ್ಲಿ ಊರ ಸುತ್ತ ಏಳುವ ಹೊಟ್ಟಿನ ಧೂಳು ಅದರಲ್ಲಿ ಎಷ್ಟಿತ್ತೋ. ಎಸಳಿನ ಗುಳಿ ತುಂಬಿಕೊಂಡರೆ ಅದು ಎಷ್ಟೇ ತಿರುಗಿದರೂ ಗಾಳಿ ತಳ್ಳಲಾರದು. ಕೆಳಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಸರ್ಕ್ಯೂಟ್ ಬೋರ್ಡಿನ ಕಡೆ ಮುಚ್ಚಿ, ಸಣ್ಣ ಪಂಪಿನಿಂದ ನೀರು ಹೊಡೆದೆ. ಚೀಲಕ್ಕೆ ಬಿದ್ದದ್ದು ಕೆಸರು.

ಡ್ರೈನ್ ಪೈಪಿನಲ್ಲಿ ಪಾಚಿಯಂಥ ಲೋಳೆ ಕಟ್ಟಿತ್ತು. ನಮ್ಮ ಕಡೆ ಏಪ್ರಿಲ್‌ನಲ್ಲಿ ಗಾಳಿ ಒಣಗಿರುವುದರಿಂದ ಎಸಿಯಿಂದ ನೀರು ಬರುವುದೇ ಕಡಿಮೆ, ಪೈಪ್ ಕಟ್ಟಿಕೊಂಡಿದ್ದರೂ ತಿಳಿಯುವುದಿಲ್ಲ. ಜೂನ್‌ನಲ್ಲಿ ಮೋಡ ಕವಿದ ಮೇಲೆ ಗೋಡೆಯ ಮೇಲೆ ನೀರು ಇಳಿಯುತ್ತದೆ. ಈಗಲೇ ಒಂದು ಮಗ್ ನೀರು ಸುರಿದು ಹೊರಗೆ ಸಲೀಸಾಗಿ ಬರುತ್ತಿದೆಯೇ ನೋಡಿಕೊಳ್ಳುವುದು ವಾಸಿ.

ಹೊರಗಿನ ಯೂನಿಟ್

ಕಾಯಿಲ್ ಹಿಂಬದಿಗೆ ಧೂಳು ಚಾಪೆಯಂತೆ ಅಂಟಿತ್ತು. ಮೆತ್ತನೆಯ ಬ್ರಷ್‌ನಿಂದ ಕಾಯಿಲ್‌ನ ತೆಳು ಲೋಹದ ರೆಕ್ಕೆಗಳ ಉದ್ದಕ್ಕೆ ಮಾತ್ರ ಎಳೆದೆ. ಅಡ್ಡ ಎಳೆದರೆ ತೆಳು ಅಲ್ಯೂಮಿನಿಯಂ ಮಡಚಿಕೊಳ್ಳುತ್ತದೆ. ನಂತರ ಸಾದಾ ಪೈಪಿನ ನೀರು, ಒಳಗಿನಿಂದ ಹೊರಕ್ಕೆ. ಎಲೆಕ್ಟ್ರಿಕಲ್ ಬಾಕ್ಸ್ ತೆರೆಯಲು ಹೋಗಲಿಲ್ಲ. ಕರೆಂಟ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರಬಹುದು, ಅದು ತಿಳಿದವರ ಕೆಲಸ.

ತಾಮ್ರದ ಪೈಪಿಗೆ ಸುತ್ತಿದ್ದ ಕಪ್ಪು ಸ್ಪಂಜು ಬಿಸಿಲಿಗೆ ಪುಡಿಪುಡಿಯಾಗಿತ್ತು. ದಪ್ಪ ಪೈಪಿಗಷ್ಟೇ ಸುತ್ತಿದರೆ ಸಾಕು ಎನ್ನುವವರಿದ್ದಾರೆ. ನಮ್ಮ ಎಸಿಯಲ್ಲಿ ಗ್ಯಾಸಿನ ಒತ್ತಡ ಇಳಿಸುವ ವಾಲ್ವ್ ಹೊರಗಿನ ಯೂನಿಟ್ಟಿನಲ್ಲೇ ಇರುವುದರಿಂದ ಸಣ್ಣ ಪೈಪೂ ತಣ್ಣಗಿರುತ್ತದೆ. ಹಾಗಾಗಿ ಎರಡಕ್ಕೂ ಬೇರೆ ಬೇರೆಯಾಗಿ ಹೊಸ ನೈಟ್ರೈಲ್ ರಬ್ಬರ್ ಹಾಕಿ ಮೇಲೆ ಟೇಪ್ ಸುತ್ತಿದೆ.

ಮತ್ತೆ ಅಳತೆ

ಒಳಹೋಗುವ ಗಾಳಿ 31, ಹೊರಬರುವುದು 19. ವ್ಯತ್ಯಾಸ 12ಕ್ಕೆ ಇಳಿದಿದೆ, ಆದರೆ ಗಾಳಿ ಎದುರಿನ ಗೋಡೆಯ ಕ್ಯಾಲೆಂಡರ್ ಅಲುಗಾಡಿಸುತ್ತಿದೆ. ಥರ್ಮಾಮೀಟರ್ ಒಂದನ್ನೇ ನಂಬಿದರೆ ಮೊದಲೇ ಚೆನ್ನಾಗಿತ್ತು ಅನ್ನಿಸಬೇಕು. ಆದರೆ ಹರಿಯುವ ಗಾಳಿಯೇ ಹೆಚ್ಚಿರುವುದರಿಂದ ಕೋಣೆಯಿಂದ ಹೊರಹೋಗುವ ಶಾಖ ಈಗ ಖಂಡಿತ ಜಾಸ್ತಿ.

ಬಾಕಿ ಇರುವುದು

ಸಂಜೆ ವೋಲ್ಟೇಜ್ 190ರ ಆಸುಪಾಸು ಇಳಿಯುತ್ತಿದೆ, ಸ್ಟೆಬಿಲೈಸರ್ ಪರೀಕ್ಷಿಸಬೇಕು. ತಾರಸಿಗೆ ಸುಣ್ಣ ಬಳಿಯುವುದು ಯುಗಾದಿಗೆ ಮುಂಚೆ. ಪಡುವಣ ಬಿಸಿಲು ಬೀಳುವ ಹೊರಗಿನ ಯೂನಿಟ್ಟಿಗೆ ಮೇಲೆ ಮಾತ್ರ ನೆರಳು ಕಟ್ಟಬೇಕು; ಬಿಸಿಗಾಳಿ ಉಗುಳುವ ಮುಂಭಾಗ ತೆರೆದೇ ಇರಬೇಕು.

ಕೂಲರ್‌ನ್ನು ಈ ಸಲ ಮಲಗುವ ಕೋಣೆಗೆ ಸಾಗಿಸಿದ್ದೇನೆ. ನಮ್ಮ ಒಣ ಸೆಖೆಗೆ ಅದು ಚೆನ್ನಾಗಿಯೇ ಒದಗುತ್ತದೆ. ಆದರೆ ಎಸಿ ಇರುವ ಕೋಣೆಯಲ್ಲಿ ಎರಡನ್ನೂ ಹಾಕಿದರೆ ಕೂಲರ್ ತುಂಬಿದ ತೇವವನ್ನೆಲ್ಲ ಎಸಿ ಹಿಂಡಿ ತೆಗೆಯಬೇಕಾಗುತ್ತದೆ. ಹಾಲ್‌ನಲ್ಲಿ 26ಕ್ಕೆ ಎಸಿ, ಜೊತೆಗೆ ಸೀಲಿಂಗ್ ಫ್ಯಾನ್: ಮಾರ್ಚ್ ಪೂರ್ತಿ ಹೀಗೆ ನಡೆಸಿ ಮೀಟರ್ ರೀಡಿಂಗ್ ಬರೆದಿಡುತ್ತೇನೆ.